ಎರಡು ತೆಂಗಿನಕಾಯಿ

ನಮ್ಮ ಸಭೆಯಲ್ಲಿ ಸುಗ್ಗಿಹಬ್ಬವೆಂದರೆ ಹುಡುಗರಾದ ನಮಗೆ ಕ್ರಿಸ್‌ಮಸ್ಸಿಗಿಂತ ಒಂದು ತೂಕ ಹೆಚ್ಚು. ಧಾರವಾಡದ ಕಡೆಯ ಸಣ್ಣ ಊರು, ಹೆಂಚಿನ ಮಾಡಿನ ದೇವಾಲಯ, ನಲವತ್ತು ಮನೆಗಳ ಸಭೆ. ಆ ದಿನ ಒಂದೊಂದು ಮನೆಯವರೂ ತಮ್ಮ ಹೊಲದಲ್ಲಿ ಹಿತ್ತಿಲಲ್ಲಿ ಬೆಳೆದದ್ದನ್ನು ತಂದು ವೇದಿಕೆಯ ಮುಂದೆ ಇಡುತ್ತಿದ್ದರು. ಜೋಳ, ಶೇಂಗಾ, ಕುಂಬಳಕಾಯಿ, ಮೆಣಸಿನಕಾಯಿ, ಕಾಲು ಕಟ್ಟಿದ ಒಂದೆರಡು ಕೋಳಿ. ಸಭಾಪಾಲಕರನ್ನು ನಾವು ಅಯ್ಯನವರು ಎಂದೇ ಕರೆಯುವುದು. ಅಯ್ಯನವರು ಕಣ್ಣುಮುಚ್ಚಿ ಪ್ರಾರ್ಥನೆ ಮಾಡುವಾಗ ನಡುನಡುವೆ ಕೋಳಿಗಳೂ ದನಿಗೂಡಿಸುತ್ತಿದ್ದುವು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಲಿಲಾವು. ಒಂದು ರೂಪಾಯಿಯ ಬದನೆಕಾಯಿಯನ್ನು ಭಕ್ತಿಯಿಂದ ಐದು ರೂಪಾಯಿಗೆ ಕೂಗುವವರಿದ್ದರು. ಪಕ್ಕದ ಮನೆಯವನ ಮೇಲಿನ ಹಟದಿಂದ ಕೂಗುವವರೂ ಇದ್ದರು. ಸಭೆಗೆ ಎರಡರಿಂದಲೂ ಲಾಭವೇ.

ಲೆಕ್ಕ ಬರೆಯುವ ಕೆಲಸ ನಮ್ಮ ತಂದೆಯವರದು. ಅವರು ಪ್ರಾಥಮಿಕ ಶಾಲೆಯ ಮಾಸ್ತರರು. ಅಕ್ಷರ ಮುತ್ತು, ಕೂಡುವ ಕಳೆಯುವ ವಿಷಯದಲ್ಲಿ ಊರಿಗೇ ಹೆಸರಾದವರು. ಹಬ್ಬವಾದ ಎರಡು ವಾರಕ್ಕೆ ಸಭೆಯವರೆಲ್ಲ ಕುಳಿತು ಲೆಕ್ಕ ಕೇಳುವ ಪದ್ಧತಿ. ಕೇಳುವುದು ಎಂದರೆ, ತಂದೆಯವರು ಓದುವುದು, ಉಳಿದವರು ತೂಕಡಿಸುವುದು. 1990ರ ಸುಮಾರು, ನನಗೆ ಹತ್ತು ವರ್ಷವಿದ್ದಾಗ ನಡೆದ ಅಂಥ ಒಂದು ಕೂಟ ಮಾತ್ರ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ತಂದೆಯವರು ಓದಿ ಮುಗಿಸಿ, "ಸಭೆಯವರು ಒಪ್ಪುವಿರಾ?" ಎಂದು ಕೇಳಿ, ಒಪ್ಪಿದರೆಂದು ತಾವೇ ತಿಳಿದು, ಪುಸ್ತಕ ಮುಚ್ಚುವುದರಲ್ಲಿದ್ದರು. ಹೆಂಗಸರ ಸಾಲಿನ ಹಿಂದಿನಿಂದ ಒಂದು ದನಿ ಬಂತು. ಸಂತೆಯಲ್ಲಿ ಕಾಯಿಪಲ್ಲೆ ಮಾರುತ್ತಿದ್ದ ಮುದುಕಿ. ಎಲ್ಲರಿಗೂ ಆಕೆ ಆಯಿ. ಓದುಬರಹ ಬಾರದು.

"ಮಾಸ್ತರ್ರ, ನಾ ಐದು ಟೆಂಗಿನಕಾಯಿ ತಂದಿದ್ದೆ. ನೀವು ಮೂರ ಓದಿದ್ರಿ. ಇನ್ನೆರಡು ಎಲ್ಲಿ ಹೋದುವು?"

ತೂಕಡಿಸುತ್ತಿದ್ದವರೆಲ್ಲ ಎಚ್ಚರಾದರು. ಕೆಲವರು ನಕ್ಕರು. ತಂದೆಯವರ ಮುಖ ಕೆಂಪಾಯಿತು. ಪುಸ್ತಕ ತೆರೆದು ಬೆರಳಿಟ್ಟು ನೋಡಿದರು, ಮೂರೇ ಇತ್ತು. ನನಗೋ, ನೆಲ ಬಾಯಿಬಿಟ್ಟರೆ ಇಳಿದುಹೋಗಬೇಕು ಎನ್ನುವಷ್ಟು ನಾಚಿಕೆ. ನಾಚಿಕೆಗಿಂತ ಹೆಚ್ಚಾಗಿ ಆ ಮುದುಕಿಯ ಮೇಲೆ ಸಿಟ್ಟು. ಎರಡು ಕಾಯಿಗಾಗಿ ಇಡೀ ಸಭೆಯೆದುರು ನಮ್ಮ ಅಪ್ಪನನ್ನು ನಿಲ್ಲಿಸುವುದೆ?

ಆಗ ಅಯ್ಯನವರು ಎದ್ದುನಿಂತರು. "ಆಯಿ, ಅವು ನಮ್ಮ ಮನೀಗೆ ಬಂದಾವ. ಹಬ್ಬದ ದಿನ ಹುಬ್ಬಳ್ಳಿಯಿಂದ ಬೀಗರು ಬಂದಿದ್ರು. ಅಡಗೀಗೆ ತಗೊಂಡೆ, ಮಾಸ್ತರ್ರಿಗೆ ಹೇಳೂದು ಮರತೆ. ತಪ್ಪು ನಂದು." ಹೀಗೆಂದು ಜೇಬಿನಿಂದ ಹತ್ತು ರೂಪಾಯಿ ತೆಗೆದು ಮೇಜಿನ ಮೇಲಿಟ್ಟರು. ತಂದೆಯವರು ಅದನ್ನು ಲೆಕ್ಕಕ್ಕೆ ಸೇರಿಸಿ ಮೊತ್ತವನ್ನು ತಿದ್ದಿದರು. ಆಯಿ "ಹಂಗಂದ್ರ ಸರಿ ಬಿಡ್ರಿ" ಎಂದು ಕುಳಿತಳು. ಮರುದಿನ ಬೆಳಗ್ಗೆ ಆಕೆಯೇ ಇನ್ನೊಂದು ತೆಂಗಿನಕಾಯಿ ಹಿಡಿದು ಅಯ್ಯನವರ ಮನೆಗೆ ಹೋಗಿ, "ಬೀಗರು ಮತ್ತ ಬಂದಾರು, ಇರಲಿ" ಎಂದು ಕೊಟ್ಟುಬಂದಳಂತೆ.

ತಂದೆಯವರು ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಒಂದು ವಾರ ಕಳೆದ ಮೇಲೆ ನನ್ನೆದುರಿಗೇ ತಾಯಿಗೆ ಹೇಳಿದರು: "ಆಕಿ ಕೇಳಿದ್ದು ಚಲೋ ಆತು. ಕೇಳದಿದ್ರ ಮುಂದಿನ ವರ್ಷ ಐದೂ ಹೋಗ್ತಿದ್ದುವು. ಅಯ್ಯನವರಿಗೂ ಅದು ತಪ್ಪು ಅನಸ್ತಿರಲಿಲ್ಲ, ನನಗೂ ಅನಸ್ತಿರಲಿಲ್ಲ."

ಈ ಮಾತಿನ ತೂಕ ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು.

ಕನ್ನಡ ಪಾಠ ಹೇಳುವುದು ನನ್ನ ವೃತ್ತಿ. ಶಬ್ದಗಳನ್ನು ಹಿಂದೆಮುಂದೆ ತಿರುಗಿಸಿ ನೋಡುವುದು ಅದರೊಡನೆ ಅಂಟಿಕೊಂಡ ಚಾಳಿ. 'ಸಭಾಪಾಲಕ' ಎಂಬ ನಮ್ಮ ಶಬ್ದವನ್ನು ಹಾಗೆ ನೋಡಿದರೆ ಅದರೊಳಗೇ ಒಂದು ಸಣ್ಣ ಜಗಳವಿರುವುದು ಕಾಣುತ್ತದೆ. ಪಾಲಕನೆಂದರೆ ಕಾಯುವವನು, ಅದರ ಹಿಂದೆ ಕುರಿ ಕಾಯುವವನ ಚಿತ್ರವಿದೆ. ಕುರಿಗಳು ಪ್ರಶ್ನೆ ಕೇಳುವುದಿಲ್ಲ. ಕೋಲು ತೋರಿಸಿದ ಕಡೆ ನಡೆಯುತ್ತವೆ. ಸಭೆಯೆಂದರೆ ಹಾಗಲ್ಲ. ನಾಲ್ಕು ಜನ ಸಮನಾಗಿ ಕುಳಿತು, ಕೇಳಿ, ಹೇಳಿ, ತೀರ್ಮಾನಿಸುವ ಜಾಗಕ್ಕೆ ಕನ್ನಡದಲ್ಲಿ ಸಭೆ ಎಂಬ ಹೆಸರು. ನಮ್ಮ ಹಿರಿಯರು ಈ ಎರಡು ಶಬ್ದಗಳನ್ನು ಜೋಡಿಸಿ ಒಂದು ಮಾಡಿದರು. ಮಂದೆಯಾಗದೆ ಸಭೆಯಾಗಿ ಉಳಿಯುವುದು, ಕಾಯುವವನನ್ನೂ ಕಾಯುವುದು, ಜೋಡಿಸಿದ ಮೇಲೆ ನಮ್ಮ ಪಾಲಿಗೆ ಬಂದ ಕೆಲಸ.

ಈ ಕೆಲಸ ನಮಗೆ ಹುಟ್ಟಿನಿಂದ ಬಂದದ್ದೂ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರಿಂದ ಕನ್ನಡಕ್ಕೆ ಆದ ಉಪಕಾರವನ್ನು ನಾನು ಬಣ್ಣಿಸಬೇಕಾಗಿಲ್ಲ. 1843ರಲ್ಲಿ ಮೋಗ್ಲಿಂಗರ 'ಮಂಗಳೂರ ಸಮಾಚಾರ', 1894ರಲ್ಲಿ ಕಿಟೆಲ್ಲರ ನಿಘಂಟು. ಆ ನಿಘಂಟಿಲ್ಲದೆ ನನ್ನ ಪಾಠ ಒಂದು ದಿನವೂ ಸಾಗದು. ಆದರೆ ಆ ಮಿಶನ್ನಿನ ಆಡಳಿತದ ರೀತಿ ನೋಡಿ. ಇಲ್ಲಿದ್ದ ಪಾದ್ರಿ ತನ್ನ ಕೆಲಸದ ವರದಿಯನ್ನು ತಪ್ಪದೆ ಸ್ವಿಟ್ಜರ್ಲೆಂಡಿನ ಬಾಸೆಲ್ಲಿನ ಕಮಿಟಿಗೆ ಬರೆದು ಕಳಿಸಬೇಕು. ಮದುವೆಯಾಗುವುದಕ್ಕೂ ಆ ಕಮಿಟಿಯ ಅಪ್ಪಣೆ ಬೇಕು. ಇಷ್ಟು ಬಿಗಿಯಾದ ಲೆಕ್ಕಾಚಾರ ಬೇರೆಲ್ಲಿ ಸಿಕ್ಕೀತು? ಆದರೆ ಆ ಲೆಕ್ಕವೆಲ್ಲ ಮೇಲಕ್ಕೆ ಹೋಗುತ್ತಿತ್ತು. ಕೆಳಗೆ ಚಾಪೆಯ ಮೇಲೆ ಕುಳಿತವರ ಮುಂದೆ ಬರುತ್ತಿರಲಿಲ್ಲ. ಮುದುಕಿಯೊಬ್ಬಳು ಎದ್ದು ಅಯ್ಯನವರ ಮನೆಯ ಅಡಿಗೆಯ ಲೆಕ್ಕ ಕೇಳುವಂತಾಗುವುದಕ್ಕೆ ನಮ್ಮ ಸಭೆಗಳಿಗೆ ಕೆಲವು ತಲೆಮಾರುಗಳೇ ಹಿಡಿದುವು. ಇಷ್ಟು ನಿಧಾನವಾಗಿ ಬಂದದ್ದು ಎಷ್ಟು ಬೇಗ ಹೋಗಬಹುದು ಎಂಬುದನ್ನು ನಾನು ಮೊದಲು ತಿಳಿದದ್ದು ದೂರದ ಒಂದು ಊರಿನ ಸುದ್ದಿಯಿಂದ.

ನನ್ನ ಚಿಕ್ಕಪ್ಪನ ಮಗ ಕಂಪ್ಯೂಟರ್ ಕೆಲಸದ ಮೇಲೆ ಅಮೆರಿಕದ ಸಿಯಾಟಲ್ ನಗರಕ್ಕೆ ಹೋದವನು 2013ರಲ್ಲಿ ಒಂದು ಭಾನುವಾರ ಫೋನು ಮಾಡಿ ಹೇಳಿದ: "ಅಣ್ಣಾ, ಇಲ್ಲೆ ಅಯ್ಯನವರು ಪಡದೆ ಮ್ಯಾಲೆ ಬರ್ತಾರ!" ಅವನು ಹೋಗಿದ್ದುದು ಮಾರ್ಸ್ ಹಿಲ್ ಎಂಬ ಸಭೆಯ ಒಂದು ಶಾಖೆಗೆ. 1996ರಲ್ಲಿ ಮಾರ್ಕ್ ಡ್ರಿಸ್ಕಾಲ್ ಎಂಬ ತರುಣ ಬೋಧಕರು ಕೆಲವರೊಡನೆ ಕೂಡಿ ಪ್ರಾರಂಭಿಸಿದ ಸಣ್ಣ ಕೂಟ ಅದು. ಹದಿನೇಳು ವರ್ಷಗಳಲ್ಲಿ ಐದು ಸಂಸ್ಥಾನಗಳಲ್ಲಿ ಹದಿನೈದು ಶಾಖೆಗಳಾಗಿ, ವಾರಕ್ಕೆ 12,000ಕ್ಕೂ ಹೆಚ್ಚು ಜನ ಬರುವಂತಾಗಿತ್ತು. ಬೋಧನೆ ಒಂದು ಕಡೆ. ಉಳಿದ ಕಡೆಗಳಲ್ಲಿ ಪರದೆಯ ಮೇಲೆ ಅದರ ಚಿತ್ರ. ಚರ್ಚಿನ ಮೆಟ್ಟಲು ಹತ್ತದ ತರುಣರನ್ನು ಅವರು ಸಾವಿರ ಸಾವಿರವಾಗಿ ಸೆಳೆದರು. ಕುಡಿತ ಬಿಟ್ಟವರು, ಸಂಸಾರ ಸರಿಮಾಡಿಕೊಂಡವರು ಅಲ್ಲಿ ಅನೇಕರಿದ್ದರು. ಇದನ್ನು ಮರೆತು ಮಾತಾಡಿದರೆ ಕಥೆ ಅರ್ಧವೇ ಆಗುತ್ತದೆ.

ಉಳಿದ ಅರ್ಧ 2007ರಲ್ಲಿ ಶುರುವಾಗಿತ್ತು. ಅಲ್ಲಿಯ ತನಕ ಸಭೆಯ ಹಿರಿಯರೆಲ್ಲ ಸೇರಿ ತೀರ್ಮಾನ ಮಾಡುತ್ತಿದ್ದರು. ಸಭೆ ದೊಡ್ಡದಾಯಿತು, ಕೆಲಸ ಬೇಗ ಆಗಬೇಕು ಎಂಬ ಕಾರಣದಿಂದ ನಿಯಮಾವಳಿಯನ್ನು ತಿದ್ದಿ ಅಧಿಕಾರವನ್ನು ಕೆಲವೇ ಜನರ ಕೈಗೆ ಕೊಟ್ಟರು. ಇದು ಸರಿಯೆ ಎಂದು ಕೇಳಿದ ಇಬ್ಬರು ಹಿರಿಯರನ್ನು ಕೆಲಸದಿಂದ ತೆಗೆದರು. ಅವರಲ್ಲೊಬ್ಬರೊಡನೆ ಬಳಕೆ ಬೇಡವೆಂದು ಸಭೆಯವರಿಗೆ ತಿಳಿಸಲಾಯಿತು. ಆ ದಿನಗಳಲ್ಲಿ ಡ್ರಿಸ್ಕಾಲ್ ಒಂದು ಭಾಷಣದಲ್ಲಿ ಸಭೆಯನ್ನು ಬಸ್ಸಿಗೆ ಹೋಲಿಸಿ, ಅದರ ಹಿಂದೆ ಹೆಣಗಳ ರಾಶಿ ಬಿದ್ದಿದೆ, ದೇವರ ಕೃಪೆಯಿದ್ದರೆ ಅದು ಬೆಟ್ಟವೇ ಆದೀತು ಎಂಬ ಅರ್ಥದ ಮಾತಾಡಿದರು. ಕೇಳಿದವರು ಅದನ್ನೂ ಧೈರ್ಯದ ಮಾತೆಂದೇ ತಿಳಿದರು.

ಮುಂದೆ ಸಭೆಯ ಮೇಲ್ವಿಚಾರಣೆಗೆ ಒಂದು ಮಂಡಳಿಯಾಯಿತು. 'ಹೊಣೆಗಾರಿಕೆ' ಎಂಬ ಶಬ್ದ ಅದರ ಹೆಸರಿನಲ್ಲಿಯೇ ಇತ್ತು. ಡ್ರಿಸ್ಕಾಲರೂ ಅದರ ಸದಸ್ಯರೇ. ಹೊರಗಿನಿಂದ ಬಂದ ಸದಸ್ಯರು ಬೇರೆ ಊರುಗಳ ದೊಡ್ಡ ಹೆಸರಿನವರು. ಆಯಿಯಂತೆ ಸಭೆಯಲ್ಲೇ ಕುಳಿತು, ತಾನು ತಂದದ್ದೆಷ್ಟು ಎಂದು ಎಣಿಸಿಟ್ಟುಕೊಂಡವರಿಗೆ ಅಲ್ಲಿ ಜಾಗವಿರಲಿಲ್ಲ. 2014ರಲ್ಲಿ ಒಂದರ ಮೇಲೊಂದು ಹೊರಬಿತ್ತು. ಬೋಧಕರು ತಮ್ಮ ಪತ್ನಿಯೊಡನೆ ಬರೆದ ಪುಸ್ತಕವೊಂದು 2012ರಲ್ಲಿ ಹೆಚ್ಚು ಮಾರಾಟವಾದ ಪುಸ್ತಕಗಳ ಪಟ್ಟಿಯನ್ನು ಏರಿತ್ತು. ಏರಿಸುವುದಕ್ಕೆಂದು ಒಂದು ಕಂಪೆನಿಯೊಡನೆ ಸುಮಾರು 2,10,000 ಡಾಲರುಗಳ ಒಪ್ಪಂದವಾಗಿತ್ತು, ಅದು ಸಭೆಯ ಹಣ. ಹಿಂದೆ ಅಲ್ಲಿ ಕೆಲಸ ಮಾಡಿದ 21 ಪಾದ್ರಿಗಳು ಕೂಡಿ ದೂರು ಬರೆದರು. ಅಕ್ಟೋಬರಿನಲ್ಲಿ ಡ್ರಿಸ್ಕಾಲ್ ರಾಜೀನಾಮೆ ಕೊಟ್ಟರು. ಕಾನೂನಿನ ಅಪರಾಧವಾಗಲಿ ಅನೈತಿಕತೆಯಾಗಲಿ ಅವರ ಮೇಲಿನ ಆರೋಪಗಳಲ್ಲಿ ಇರಲಿಲ್ಲ, ಹೆಚ್ಚಿನವು ದರ್ಪದ ನಡವಳಿಕೆಯ ವಿಷಯ ಎಂದು ಮಂಡಳಿ ಹೇಳಿತು. 2015ರ ಜನವರಿ 1ರಂದು ಮಾರ್ಸ್ ಹಿಲ್ ಎಂಬ ಸಂಸ್ಥೆ ಇಲ್ಲವಾಯಿತು. ಅಷ್ಟು ದೊಡ್ಡ ಮನೆ ಎರಡೂವರೆ ತಿಂಗಳಲ್ಲಿ ಬಿತ್ತು. 2016ರಲ್ಲಿ ಅದೇ ಬೋಧಕರು ಅರಿಜೋನಾದಲ್ಲಿ ಹೊಸ ಸಭೆಯನ್ನು ತೆರೆದರು.

ಈ ಸುದ್ದಿ ಓದಿದಾಗ ನಾನು ಮಾಡಿದ್ದು, ಎಲ್ಲರೂ ಮಾಡುವಂತೆ, ತಲೆಯಾಡಿಸಿದ್ದು. ಅದು ಅಮೆರಿಕ, ಅಲ್ಲಿ ಎಲ್ಲವೂ ದೊಡ್ಡದು, ಬೀಳುವುದೂ ದೊಡ್ಡದಾಗಿಯೇ ಎಂದುಕೊಂಡೆ. ಹೀಗೆ ತಲೆಯಾಡಿಸಿದವನೇ ನಾಲ್ಕು ವರ್ಷಗಳಲ್ಲಿ ಒಂದು ಕಾಗದ ಬರೆದೆ. ಆ ವಿಷಯವನ್ನು ಹೇಳದೆ ಈ ಬರಹವನ್ನು ಮುಗಿಸುವ ಹಾಗಿಲ್ಲ.

ನಾನೀಗಿರುವ ಊರಿನ ಸಭೆಯ ಹೆಸರು ಬೇಡ. 2018ರಲ್ಲಿ ನಾನು ಅದರ ಸಮಿತಿಯ ಸದಸ್ಯನಾಗಿದ್ದೆ. ಆಗ ಇದ್ದ ಸಭಾಪಾಲಕರು ಒಳ್ಳೆಯ ಮಾತುಗಾರರು. ಖಾಲಿ ಬೆಂಚುಗಳು ತುಂಬಿದುವು. ಒಂದು ಆರಾಧನೆಯಿದ್ದದ್ದು ಮೂರಾಯಿತು. ನನಗೂ ಅವರ ಬೋಧನೆ ಹಿಡಿಸಿತ್ತು. ಅವರ ಕನ್ನಡ ಚೆನ್ನಾಗಿತ್ತು, ಅದು ನನ್ನ ದೌರ್ಬಲ್ಯ. ಆ ವರ್ಷದ ಸಾಮಾನ್ಯ ಸಭೆಯಲ್ಲಿ ನಿವೃತ್ತ ನರ್ಸೊಬ್ಬರು ಎದ್ದು ಎರಡು ಪ್ರಶ್ನೆ ಕೇಳಿದರು. ಛಾವಣಿಯ ದುರಸ್ತಿಗೆಂದು ಮೂರು ವರ್ಷದಿಂದ ಹಣ ಕೂಡಿಸುತ್ತಿದ್ದೇವೆ, ಛಾವಣಿ ಇನ್ನೂ ಸೋರುತ್ತಿದೆ, ಹಣ ಎಲ್ಲಿದೆ? ಅಯ್ಯನವರಿಗೆ ಹೊಸ ಕಾರು ಬಂದಿದೆ, ಅದು ಯಾವ ಲೆಕ್ಕದಿಂದ ಬಂತು? ಉತ್ತರವಾಗಿ ಒಬ್ಬರು ಪ್ರಾರ್ಥನೆ ಮಾಡಿ ಕೂಟ ಮುಗಿಸಿದರು. ಮುಂದಿನ ಭಾನುವಾರದ ಬೋಧನೆಯ ವಿಷಯ, ದೇವರು ಅಭಿಷೇಕಿಸಿದವರ ವಿರುದ್ಧ ಮಾತಾಡುವವರ ಗತಿ. ಹೆಸರೆತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ. ಎಲ್ಲರ ಕಣ್ಣೂ ಒಂದೇ ಬೆಂಚಿನ ಕಡೆ ತಿರುಗಿದ್ದುವು.

ಆಕೆ ಪ್ರಶ್ನೆಗಳನ್ನು ಬರೆದು ಸಮಿತಿಗೆ ಕೊಟ್ಟರು. ಬರೆದದ್ದಕ್ಕೆ ಬರೆದೇ ಉತ್ತರ ಕೊಡಬೇಕಲ್ಲ? ಕಾರ್ಯದರ್ಶಿಗಳು ನನ್ನ ಕಡೆ ನೋಡಿ, "ಸರ್, ನೀವು ಕನ್ನಡದವರು, ಚೆನ್ನಾಗಿ ಬರೀತೀರಿ" ಎಂದರು. ನಾನು ಬರೆದೆ. ನಿಜವಾಗಿಯೂ ಚೆನ್ನಾಗಿ ಬರೆದೆ. "ತಮ್ಮ ಹಿತಚಿಂತನೆಯನ್ನು ಸಮಿತಿಯು ಗೌರವಿಸುತ್ತದೆ". "ಕೆಲವು ವಿಷಯಗಳಲ್ಲಿ ತಪ್ಪು ತಿಳುವಳಿಕೆ ಉಂಟಾಗಿರುವುದು ವಿಷಾದನೀಯ". "ಸಭೆಯ ಐಕ್ಯ ಸಮಾಧಾನಗಳ ದೃಷ್ಟಿಯಿಂದ ಈ ಚರ್ಚೆಯನ್ನು ಇಲ್ಲಿಗೆ ಮುಗಿಸುವುದು ಉಚಿತ". ತರಗತಿಯಲ್ಲಿ ಕರ್ತೃಪದವಿಲ್ಲದ ವಾಕ್ಯ ಬರೆದ ಹುಡುಗನಿಗೆ ಕೆಂಪು ಗೆರೆ ಎಳೆಯುವವನು ನಾನು. ತಪ್ಪು ತಿಳುವಳಿಕೆ ಯಾರಿಗೆ ಉಂಟಾಯಿತು, ಯಾರಿಂದ ಉಂಟಾಯಿತು? ನನ್ನ ಕಾಗದದಲ್ಲಿ ಕರ್ತೃವೇ ಇರಲಿಲ್ಲ. ಸಮಿತಿಯವರು ಕೇಳಿ ಮೆಚ್ಚಿದರು. ಎಲ್ಲರೂ ಸಹಿ ಹಾಕಿದರು. ಆಕೆ ಆಮೇಲೆ ದೇವಾಲಯಕ್ಕೆ ಬರಲಿಲ್ಲ. ಸ್ವಲ್ಪ ಕಾಲದ ಮೇಲೆ ಸಭಾಪಾಲಕರಿಗೆ ವರ್ಗವಾಯಿತು. ವಿಷಯ ತಣ್ಣಗಾಯಿತು.

ತಣ್ಣಗಾದದ್ದು ನನ್ನ ಮಟ್ಟಿಗೆ ಮತ್ತೆ ಬಿಸಿಯಾದದ್ದು 2024ರ ನವೆಂಬರಿನಲ್ಲಿ. ಆ ತಿಂಗಳು 12ರಂದು ಇಂಗ್ಲೆಂಡಿನ ಚರ್ಚಿನ ಅತಿ ಹಿರಿಯ ಸ್ಥಾನದಲ್ಲಿದ್ದ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿಯವರು ರಾಜೀನಾಮೆ ಘೋಷಿಸಿದರು. ಐದು ದಿನ ಮುಂಚೆ ಒಂದು ವಿಚಾರಣೆಯ ವರದಿ ಪ್ರಕಟವಾಗಿತ್ತು. ಜಾನ್ ಸ್ಮೈತ್ ಎಂಬ ಹೆಸರಾಂತ ಬ್ಯಾರಿಸ್ಟರನೊಬ್ಬ ದೊಡ್ಡ ಮನೆತನಗಳ ಶಾಲಾಹುಡುಗರಿಗಾಗಿ ನಡೆಯುತ್ತಿದ್ದ ಕ್ರೈಸ್ತ ಶಿಬಿರಗಳಲ್ಲಿ ಮುಂದಾಳು. 1970ರ ದಶಕದ ಕೊನೆಯ ವರ್ಷಗಳಿಂದ ಅವನು, ಅಲ್ಲಿ ಪರಿಚಯವಾದ ಹುಡುಗರನ್ನು ಪಾಪಕ್ಕೆ ಶಿಕ್ಷೆಯೆಂಬ ನೆಪದಲ್ಲಿ ತನ್ನ ಮನೆಯ ಹಿತ್ತಿಲಿನ ಕೊಟ್ಟಿಗೆಯಲ್ಲಿ ರಕ್ತ ಬರುವ ತನಕ ಬೆತ್ತದಿಂದ ಹೊಡೆಯುತ್ತಿದ್ದ. 1982ರಲ್ಲಿಯೇ ಅದರ ಬಗ್ಗೆ ಒಬ್ಬ ಪಾದ್ರಿ ವರದಿ ಬರೆದಿದ್ದರು. ಕೆಲವೇ ಜನರ ಕೈಗೆ ಹೋದ ಆ ವರದಿ ಪೊಲೀಸರ ಬಳಿಗೆ ಹೋಗಲಿಲ್ಲ. 1984ರಲ್ಲಿ ಅವನು ಜಿಂಬಾಬ್ವೆಗೆ ಹೋದ. ಅಲ್ಲಿಯೂ ಶಿಬಿರ, ಅಲ್ಲಿಯೂ ಬೆತ್ತ. 2013ರಲ್ಲಿ ಚರ್ಚಿನ ಮೇಲಿನವರಿಗೆ, ಆರ್ಚ್‌ಬಿಷಪ್ಪರಿಗೂ ತಿಳಿಯಿತು. ಆಗಲೂ ಆಗಬೇಕಾದದ್ದು ಆಗಲಿಲ್ಲವೆಂದು ವರದಿ ಹೇಳಿತು. ಎರಡು ಖಂಡಗಳಲ್ಲಿ ಪೆಟ್ಟು ತಿಂದವರು 100ಕ್ಕೂ ಹೆಚ್ಚು. ಸ್ಮೈತ್ 2018ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಸತ್ತ. ಯಾವ ನ್ಯಾಯಾಲಯದಲ್ಲಿಯೂ ಅವನಿಗೆ ಶಿಕ್ಷೆಯಾಗಲಿಲ್ಲ.

ವರದಿಯ ವಿವರಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೆತ್ತದ ಲೆಕ್ಕವಲ್ಲ. 1982ರಲ್ಲಿ ವಿಷಯ ತಿಳಿದೂ ಸುಮ್ಮನಿದ್ದ ಪಾದ್ರಿಯೊಬ್ಬರು ಎಷ್ಟೋ ವರ್ಷಗಳ ಮೇಲೆ ವಿಚಾರಣೆಯವರಿಗೆ ಹೇಳಿದ ಕಾರಣ. ಇದು ಬಹಿರಂಗವಾದರೆ ದೇವರ ಕೆಲಸಕ್ಕೆ ಬಹಳ ಹಾನಿಯಾದೀತೆಂದು ತಾವು ಭಾವಿಸಿದ್ದಾಗಿ ಅವರು ಹೇಳಿದರು. ಓದಿ ಕನ್ನಡಕ ತೆಗೆದಿಟ್ಟೆ. ಅವರ ಇಂಗ್ಲಿಷನ್ನು ನನ್ನ ಕನ್ನಡಕ್ಕೆ ತಂದರೆ ಏನಾಗುತ್ತದೆ? "ಸಭೆಯ ಐಕ್ಯ ಸಮಾಧಾನಗಳ ದೃಷ್ಟಿಯಿಂದ."

ಎರಡು ಪ್ರಸಂಗಗಳೂ ಒಂದೇ ತೂಕದವು ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಹುಡುಗರ ಮೈ ಹರಿದಿತ್ತು; ಇಲ್ಲಿ ಪ್ರಶ್ನೆ ಒಂದು ಕಾರಿನದು, ಒಂದು ಛಾವಣಿಯದು. ಆದರೆ ಮುಚ್ಚುವ ಬಟ್ಟೆ ಒಂದೇ ಮಗ್ಗದ್ದು. ಅದನ್ನು ನೇಯ್ದವರು ಕೆಟ್ಟವರೂ ಅಲ್ಲ. ಸಭೆಯನ್ನು ಪ್ರೀತಿಸುವವರು, ಮರ್ಯಾದಸ್ಥರು, ಭಾಷೆ ಬಲ್ಲವರು. ಅಧಿಕಾರದಲ್ಲಿರುವವನು ಒಬ್ಬನೇ ಎಷ್ಟು ಮುಚ್ಚಿಟ್ಟಾನು? ಅವನ ಸುತ್ತ ನನ್ನಂಥವರು ಹತ್ತು ಜನ ಬೇಕು. ಮಠವಿರಲಿ, ಗುಡಿಯ ಟ್ರಸ್ಟಿರಲಿ, ಸಾಹಿತ್ಯ ಸಂಘವಿರಲಿ, ನಮ್ಮ ಓದುಗರಿಗೂ ಅಂಥ ಹತ್ತು ಜನರ ಪರಿಚಯವಿದ್ದೀತು.

ಇನ್ನೊಂದು ವಿಷಯವೂ ಆಗ ಹೊಳೆಯಿತು. ಆ ಸಭಾಪಾಲಕರು ತಪ್ಪು ಮಾಡಿದ್ದರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನಮ್ಮೂರಿನ ಅಯ್ಯನವರನ್ನು ಆಯಿ ಕೇಳಿದಳು, ಅವರು ಹೇಳಿದರು, ಹೇಳಿದ ಮೇಲೆ ಅವರ ಮೇಲೆ ಯಾರಿಗೂ ಎಳ್ಳಷ್ಟೂ ಸಂಶಯ ಉಳಿಯಲಿಲ್ಲ. ಇವರಿಗೆ ಆ ಅವಕಾಶವನ್ನು ನಾವೇ ತಪ್ಪಿಸಿದೆವು. ರಕ್ಷಿಸಿದೆವೆಂದುಕೊಂಡು, ಶುದ್ಧರಾಗಿದ್ದರೆ ಶುದ್ಧರೆಂದು ತೋರಿಸಿಕೊಳ್ಳುವ ದಾರಿಯನ್ನೂ ಮುಚ್ಚಿದೆವು.

ಡಿಸೆಂಬರಿನಲ್ಲಿ ಒಂದು ಸಂಜೆ ಆ ನರ್ಸಮ್ಮನವರ ಮನೆಗೆ ಹೋದೆ. "ಬನ್ನಿ ಸರ್" ಎಂದು ಕೂರಿಸಿ ಚಹ ಕೊಟ್ಟರು. ಕಾಗದ ಬರೆದವನು ನಾನು ಎಂದು ಹೇಳಿದೆ. ಅವರಿಗೆ ಗೊತ್ತಿತ್ತು. ಒಳಗೆ ಹೋಗಿ ಪಿಂಚಣಿಯ ಕಾಗದಗಳ ನಡುವೆ ಇಟ್ಟಿದ್ದ ಅದನ್ನು ತಂದು ಮೇಜಿನ ಮೇಲಿಟ್ಟರು. "ಕನ್ನಡ ಬಹಳ ಚೆನ್ನಾಗಿತ್ತು ಸರ್. ನನ್ನ ಪ್ರಶ್ನೆಗೆ ಉತ್ತರ ಎಲ್ಲಿದೆ ಅಂತ ಮೂರು ಸಲ ಓದಿದೆ" ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

2025ರ ಸಾಮಾನ್ಯ ಸಭೆಯಲ್ಲಿ ನಾನು ಎದ್ದುನಿಂತೆ. ಆ ಕಾಗದದ ಮಾತುಗಳು ನನ್ನವು, ಪ್ರಶ್ನೆ ಆಕೆಯದು, ಇಂದು ನಾನು ಆ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದೇನೆ ಎಂದೆ. ಇಪ್ಪತ್ತು ವರ್ಷ ತರಗತಿಯಲ್ಲಿ ಮಾತಾಡಿದವನಿಗೆ ಅಂದು ಕಾಲು ನಡುಗುತ್ತಿತ್ತು. ಓದುಬರಹ ಬಾರದ ಆಯಿ ಅದನ್ನು ಹೇಗೆ ಅಷ್ಟು ಸಲೀಸಾಗಿ ಕೇಳಿದಳೋ! ಕೆಲವರು ಮುಖ ತಿರುಗಿಸಿದರು. ಇಬ್ಬರು ಹಳೆಯ ಸ್ನೇಹಿತರು ಈಗಲೂ ನನ್ನೊಡನೆ ಮಾತಾಡುತ್ತಿಲ್ಲ. ಆದರೆ ಹಳೆಯ ಕಡತಗಳು ಹೊರಬಂದುವು. ಮೂರು ತಿಂಗಳ ಮೇಲೆ ಲೆಕ್ಕದ ಹಾಳೆಗಳನ್ನು ದೇವಾಲಯದ ಫಲಕಕ್ಕೆ ಅಂಟಿಸಿದರು. ಕಾರಿನ ಹಣವನ್ನು ದಾನಿಯೊಬ್ಬರು ಅದಕ್ಕೆಂದೇ ಕೊಟ್ಟಿದ್ದರು; ರಸೀದಿ ಸಿಕ್ಕಿತು. ಏಳು ವರ್ಷ ಒಬ್ಬ ಮನುಷ್ಯನ ಮೇಲಿದ್ದ ಸಂಶಯ ಒಂದು ರಸೀದಿಯಿಂದ ಹೋಗಬಹುದಾಗಿತ್ತು. ಛಾವಣಿಯ ಹಣದಲ್ಲಿ ಮಾತ್ರ ಒಂದು ಭಾಗಕ್ಕೆ ಇನ್ನೂ ಕಾಗದ ಸಿಕ್ಕಿಲ್ಲ, ಹುಡುಕುತ್ತಿದ್ದಾರೆ.

ಆ ಹಾಳೆಗಳ ಪ್ರತಿಯೊಂದನ್ನು ನಾನೇ ನರ್ಸಮ್ಮನವರಿಗೆ ಕೊಟ್ಟುಬರಲು ಹೋದೆ. ದೇವಾಲಯಕ್ಕೆ ಬನ್ನಿ ಎಂದು ಕರೆಯಬೇಕೆಂದು ನಾಲಿಗೆಯ ತುದಿಯ ತನಕ ಬಂತು. ಕರೆಯುವ ಅಧಿಕಾರ ನನಗಿಲ್ಲವೆನಿಸಿ ಸುಮ್ಮನಾದೆ. ಅವರು ಕನ್ನಡಕ ಹಾಕಿಕೊಂಡು ಸಾಲುಸಾಲಾಗಿ ಬೆರಳಿಟ್ಟು ಓದಿದರು. ಎರಡನೆಯ ಹಾಳೆಯ ನಡುವೆ ಬೆರಳು ನಿಂತಿತು.

"ಸರ್, ಇದೊಂದು ಸರಿಯಾಗಿ ಕೂಡಿಲ್ಲ. ಕೇಳಬೇಕಲ್ಲ?"

"ಕೇಳಬೇಕು" ಎಂದೆ.